‘ಸಂಶೋಧನೆ ಹೇಳಿದೆ’ ಅಂದರೆ ಸಾಲದು, ಯಾವ ಸಂಶೋಧನೆ ಅಂತ ಹೇಳಿ: ಆರೋಗ್ಯ ಸುದ್ದಿ ಪ್ರಕಟಿಸುವ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ನಾನು ವೈದ್ಯಕೀಯ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವವಳು. ಇಪ್ಪತ್ತು ವರ್ಷ ದಾಟಿತು. ವೈದ್ಯರು, ವಿದ್ಯಾರ್ಥಿಗಳು, ನರ್ಸುಗಳು ಕೇಳುವ ಲೇಖನಗಳನ್ನು ಹುಡುಕಿ ಕೊಡುವುದು ನನ್ನ ಕೆಲಸ. ಆಸ್ಪತ್ರೆಗೆ ತೋರಿಸಲು ಬಂದವರೂ ಒಮ್ಮೊಮ್ಮೆ ನಮ್ಮ ಬಾಗಿಲ ತನಕ ಬರುತ್ತಾರೆ. ಕೈಯಲ್ಲಿ ಪತ್ರಿಕೆಯ ತುಣುಕು ಇರುತ್ತದೆ, ಇಲ್ಲವೇ ಮೊಬೈಲಿನಲ್ಲಿ ಒಂದು ಸುದ್ದಿ. ‘ಇದು ನಿಜಾನಾ ಮೇಡಂ?’ ಎಂದು ಕೇಳುತ್ತಾರೆ.

ಹಾಗೆ ಬಂದ ಒಬ್ಬ ಹಿರಿಯರನ್ನು ನಾನು ಮರೆತಿಲ್ಲ. ಶರ್ಟಿನ ಜೇಬಿನಿಂದ ನಾಲ್ಕು ಮಡಿಕೆಯ ತುಣುಕನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. ಬಿಪಿಗೆ ಇನ್ನು ಮಾತ್ರೆ ಬೇಕಿಲ್ಲ, ಗಿಡವೊಂದರ ಸಾರವೇ ಸಾಕು, ಸಂಶೋಧನೆಯಲ್ಲಿ ಸಾಬೀತಾಗಿದೆ ಎಂಬ ಅರ್ಥದ ತಲೆಬರಹ. ಅದನ್ನು ಓದಿ ಅವರು ಮಾತ್ರೆ ಬಿಟ್ಟು ಮೂರು ವಾರವಾಗಿತ್ತು. ಆ ಬೆಳಿಗ್ಗೆ ತಲೆಸುತ್ತು ಬಂದು ಆಸ್ಪತ್ರೆಗೆ ಬಂದಿದ್ದರು. ಬಿಪಿ ಸಿಕ್ಕಾಪಟ್ಟೆ ಏರಿತ್ತು. ‘ಪೇಪರಲ್ಲಿ ಬಂದಿತ್ತಲ್ಲಮ್ಮ, ಸಂಶೋಧನೆ ಅಂತಾನೇ ಹಾಕಿದ್ರು’ ಎಂದರು.

ಆ ಸುದ್ದಿಯ ಮೂಲ ಹುಡುಕಲು ನನಗೆ ಅರ್ಧ ದಿನ ಬೇಕಾಯಿತು. ಸುದ್ದಿಯಲ್ಲಿ ಜರ್ನಲ್ (ಸಂಶೋಧನೆ ಅಚ್ಚಾಗುವ ಪತ್ರಿಕೆ) ಹೆಸರಿಲ್ಲ, ಬರೆದವರ ಹೆಸರಿಲ್ಲ. ಕೊನೆಗೂ ಸಿಕ್ಕಿತು. ಅದು ಇಲಿಗಳ ಮೇಲೆ ಕೆಲವು ವಾರ ನಡೆದ ಪ್ರಯೋಗ. ಲೇಖನ ಬರೆದವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಇದು ಇಲಿಗಳಲ್ಲಿ ಕಂಡದ್ದು, ಮನುಷ್ಯರಲ್ಲಿ ಇನ್ನೂ ಪರೀಕ್ಷೆಯಾಗಬೇಕು ಎಂದು ಸ್ಪಷ್ಟವಾಗಿ ಬರೆದಿದ್ದರು. ಸುದ್ದಿಯಲ್ಲಿ ಮಾತ್ರ ‘ಇಲಿ’ ಎಂಬ ಪದವೇ ಎಲ್ಲೂ ಇರಲಿಲ್ಲ.

ಆ ಹಿರಿಯರನ್ನು ನಾನು ದೂರುವುದಿಲ್ಲ. ಅವರು ನಿಮ್ಮನ್ನು ನಂಬಿದ್ದರು, ಅಷ್ಟೇ. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಆರೋಗ್ಯದ ಸುದ್ದಿ ಹಾಕುವಾಗ ‘ಸಂಶೋಧನೆ’ ಎಂದು ಸುಮ್ನೆ ಬರೆಯಬೇಡಿ. ಅದು ಯಾವ ಬಗೆಯದು ಅಂತ ಹೇಳಿ. ಇಲಿಯದ್ದೋ ಮನುಷ್ಯರದ್ದೋ, ಎಷ್ಟು ಜನರದ್ದು, ಎಲ್ಲಿ ಪ್ರಕಟವಾಯಿತು, ದುಡ್ಡು ಕೊಟ್ಟವರು ಯಾರು ಎಂಬುದನ್ನು ಎರಡೇ ಸಾಲಿನಲ್ಲಿ ಬರೆಯಿರಿ.

ವೈದ್ಯಕೀಯ ಜರ್ನಲ್‌ ಒಂದನ್ನು ತೆರೆದರೆ ಅದರೊಳಗೆ ಹತ್ತಾರು ಬಗೆಯ ಬರಹ ಇರುತ್ತದೆ. ಸಂಪಾದಕರಿಗೆ ಬಂದ ಪತ್ರ ಇರುತ್ತದೆ. ಒಬ್ಬನೇ ರೋಗಿಯ ಕಥೆ ಇರುತ್ತದೆ. ಪರಿಣತರ ಅಭಿಪ್ರಾಯ, ದೊಡ್ಡ ಸಮೀಕ್ಷೆ, ಔಷಧವನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಟ್ರಯಲ್, ಹಳೆಯ ಲೇಖನಗಳನ್ನೆಲ್ಲ ಒಟ್ಟು ಹಾಕಿದ ವಿಮರ್ಶೆ ಎಲ್ಲವೂ ಇರುತ್ತವೆ. ಒಂದೇ ಹೊದಿಕೆ, ಒಂದೇ ಅಕ್ಷರ. ಆದರೆ ಇವುಗಳ ತೂಕ ಬೇರೆ ಬೇರೆ. ಪತ್ರಿಕೆಯಲ್ಲೂ ವಾಚಕರ ವಾಣಿ, ಜಾಹೀರಾತು, ಮುಖಪುಟದ ವರದಿ ಮೂರೂ ಒಂದೇ ಕಾಗದದ ಮೇಲೇ ಅಚ್ಚಾಗುತ್ತವೆ. ಮೂರನ್ನೂ ಒಂದೇ ಅಂತ ನೀವು ಯಾವತ್ತೂ ಒಪ್ಪುವುದಿಲ್ಲ, ಅಲ್ವಾ?

ಆ ಪತ್ರದ ಅಂಕಣದಿಂದಲೇ ಶುರು ಮಾಡುತ್ತೇನೆ. 1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಪತ್ರ ಬಂತು. ಬರೀ 5 ವಾಕ್ಯದ್ದು. ಅಫೀಮು ಜಾತಿಯ ನೋವಿನ ಔಷಧವನ್ನು ಒಮ್ಮೆಯಾದರೂ ಪಡೆದ 11,882 ರೋಗಿಗಳ ದಾಖಲೆ ನೋಡಿದೆವು, ಮೊದಲು ಚಟವಿಲ್ಲದವರಲ್ಲಿ ಚಟ ಹತ್ತಿದ್ದು 4 ಜನರಿಗೆ ಮಾತ್ರ ಎಂಬುದು ಅದರ ಸಾರ. ಇವರೆಲ್ಲ ಆಸ್ಪತ್ರೆಗೆ ದಾಖಲಾಗಿದ್ದವರು. ನರ್ಸಿನ ಕಣ್ಣೆದುರೇ ಔಷಧ ತೆಗೆದುಕೊಂಡವರು. ಮನೆಗೆ ಹೋದ ಮೇಲೆ ಏನಾಯಿತು, ತಿಂಗಳುಗಟ್ಟಲೆ ಅದೇ ಮಾತ್ರೆ ನುಂಗಿದರೆ ಏನಾಗುತ್ತದೆ ಎಂದು ಆ ಪತ್ರ ಹೇಳಲಿಲ್ಲ. ಹೇಳಲು ಅದಕ್ಕೆ ಆಧಾರವೂ ಇರಲಿಲ್ಲ.

ಆದರೆ ಆ 5 ವಾಕ್ಯ ಎಲ್ಲೆಲ್ಲಿಗೋ ಹೋಯಿತು. 2017ರಲ್ಲಿ ಅದೇ ಜರ್ನಲ್‌ನಲ್ಲಿ ಅದರ ಲೆಕ್ಕ ಪ್ರಕಟವಾಯಿತು. ಆ ಪತ್ರವನ್ನು ಮುಂದೆ 608 ಬರಹಗಳು ಉಲ್ಲೇಖಿಸಿದ್ದವು. ಅವುಗಳಲ್ಲಿ 439 ಬರಹಗಳು ಈ ಔಷಧಗಳಿಂದ ಚಟ ಹತ್ತುವುದು ಅಪರೂಪ ಎನ್ನುವುದಕ್ಕೆ ಅದನ್ನೇ ಸಾಕ್ಷಿಯಾಗಿ ತೋರಿಸಿದ್ದವು. ಬಹಳಷ್ಟು ಬರಹಗಳು ‘ಆಸ್ಪತ್ರೆಯಲ್ಲಿದ್ದ ರೋಗಿಗಳು’ ಎಂಬ ಮಾತನ್ನೇ ಬಿಟ್ಟಿದ್ದವು. ಅಷ್ಟರಲ್ಲಿ ಅಮೆರಿಕದಲ್ಲಿ ಈ ಮಾತ್ರೆಗಳ ಚಟ ಲಕ್ಷಾಂತರ ಮನೆಗಳನ್ನು ಹಾಳು ಮಾಡಿತ್ತು. ಎಲ್ಲಕ್ಕೂ ಆ ಪತ್ರವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮೂಲ ತೆರೆದು ನೋಡದೆ ಒಬ್ಬರನ್ನು ನೋಡಿ ಇನ್ನೊಬ್ಬರು ಉಲ್ಲೇಖಿಸುತ್ತಾ ಹೋದರೆ ಒಂದು ಸಣ್ಣ ಪತ್ರ ಹೇಗೆ ‘ದೊಡ್ಡ ಅಧ್ಯಯನ’ ಆಗಿಬಿಡುತ್ತದೆ ಎಂಬುದನ್ನು ನೋಡಿ.

ಹಾಗಾದರೆ ಪತ್ರಗಳಿಗೆ ಬೆಲೆಯೇ ಇಲ್ಲವೇ? ಇದೆ. 1961ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವೈದ್ಯ ವಿಲಿಯಂ ಮೆಕ್‌ಬ್ರೈಡ್ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್‌ಗೆ ಒಂದು ಪುಟ್ಟ ಪತ್ರ ಬರೆದರು. ಥಾಲಿಡೊಮೈಡ್ ಎಂಬ ಔಷಧ ತೆಗೆದುಕೊಂಡ ಗರ್ಭಿಣಿಯರ ಮಕ್ಕಳಲ್ಲಿ ಕೈಕಾಲಿನ ದೋಷ ಜಾಸ್ತಿ ಕಾಣುತ್ತಿದೆ, ಬೇರೆಯವರೂ ಇಂಥದ್ದನ್ನು ಕಂಡಿದ್ದೀರಾ ಎಂದು ಕೇಳಿದ್ದರು. ಜರ್ಮನಿಯಲ್ಲಿ ವಿಡುಕಿಂಡ್ ಲೆಂಟ್ಸ್ ಕೂಡ ಅದೇ ಹೊತ್ತಿಗೆ ಅದೇ ಅನುಮಾನ ಎತ್ತಿದ್ದರು. ಆ ಪತ್ರ ಗಂಟೆ ಬಾರಿಸಿತು. ಒಬ್ಬಿಬ್ಬರು ರೋಗಿಗಳ ವರದಿಯ ಕೆಲಸ ಅದೇ. ಇಲ್ಲೇನೋ ಇದೆ, ಎಲ್ಲರೂ ನೋಡಿ ಎಂದು ಕೂಗುವುದು. ತೀರ್ಪು ಕೊಡುವುದು ಅದರ ಕೆಲಸವಲ್ಲ.

1998ರಲ್ಲಿ ಅದೇ ‘ಲ್ಯಾನ್ಸೆಟ್’ನಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಜೊತೆಗಾರರ ಲೇಖನ ಬಂತು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಎಂಬ ಗುಮಾನಿ ಎಬ್ಬಿಸಿದ ಲೇಖನ ಅದು. ಎಷ್ಟು ಮಕ್ಕಳು ಗೊತ್ತೇ? 12. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಮಕ್ಕಳ ವಿವರಗಳನ್ನೇ ತಿರುಚಲಾಗಿತ್ತು ಎಂಬುದು ಆಮೇಲೆ ಬಯಲಾಯಿತು. 2010ರಲ್ಲಿ ಜರ್ನಲ್ ಆ ಲೇಖನವನ್ನು ಹಿಂತೆಗೆದುಕೊಂಡಿತು. ಮಧ್ಯದ 12 ವರ್ಷ ಆ ಮಾತನ್ನು ಮನೆಮನೆಗೆ ತಲುಪಿಸಿದವರು ಸುದ್ದಿ ಮಾಡುವವರೇ. ಮೋಸವನ್ನು ಹಿಡಿಯುವುದು ನಿಮ್ಮಿಂದ ಆಗುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ‘12 ಮಕ್ಕಳು, ಹೋಲಿಕೆಯ ಗುಂಪಿಲ್ಲ’ ಎಂದು ಮೊದಲ ದಿನವೇ ಬರೆಯಬಹುದಿತ್ತು. ಅದು ಲೇಖನದಲ್ಲೇ ಇತ್ತು.

ಇನ್ನು ದೊಡ್ಡ ಸಮೀಕ್ಷೆಗಳು. ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಏನು ತಿನ್ನುತ್ತಾರೆ, ಯಾವ ಮಾತ್ರೆ ನುಂಗುತ್ತಾರೆ, ಯಾವ ಕಾಯಿಲೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳುವ ಅಧ್ಯಯನಗಳು. ನೀವು ಹಾಕುವ ಆರೋಗ್ಯ ಸುದ್ದಿಯಲ್ಲಿ ಇಂಥವೇ ಜಾಸ್ತಿ. ಇವು ಬೇಕೇಬೇಕು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಗಟ್ಟಿಯಾಗಿ ಗೊತ್ತಾದದ್ದು ಇಂಥ ಅಧ್ಯಯನಗಳಿಂದಲೇ. ಆದರೆ ಎರಡು ಸಂಗತಿ ಜೊತೆಜೊತೆಗೆ ಕಂಡವು ಎನ್ನುವುದು ಒಂದು ಮಾತು, ಒಂದರಿಂದ ಇನ್ನೊಂದು ಆಯಿತು ಎನ್ನುವುದು ಇನ್ನೊಂದು ಮಾತು.

ಮುಟ್ಟು ನಿಂತ ಹೆಂಗಸರಿಗೆ ಕೊಡುವ ಹಾರ್ಮೋನ್ ಮಾತ್ರೆಯ ಕಥೆ ನೋಡಿ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಹೃದಯದ ಕಾಯಿಲೆ ಕಮ್ಮಿ ಎಂದು ದೊಡ್ಡ ದೊಡ್ಡ ಸಮೀಕ್ಷೆಗಳು ತೋರಿಸಿದ್ದವು. ಲಕ್ಷಾಂತರ ಮಂದಿ ಅದನ್ನು ನಂಬಿ ನುಂಗಿದರು. ಆಮೇಲೆ ಅಮೆರಿಕದಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಟ್ರಯಲ್ ನಡೆಯಿತು. 16,608 ಹೆಂಗಸರು. ಯಾರಿಗೆ ಹಾರ್ಮೋನ್, ಯಾರಿಗೆ ಔಷಧವಿಲ್ಲದ ಹುಸಿ ಮಾತ್ರೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2002ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಹೃದಯಾಘಾತ ಕಮ್ಮಿಯಾಗುವ ಬದಲು ಸ್ವಲ್ಪ ಹೆಚ್ಚಾಗಿತ್ತು. ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಕೂಡ ಹೆಚ್ಚಾಗಿದ್ದವು. ಹಾಗಾದರೆ ಮೊದಲಿನ ಸಮೀಕ್ಷೆಗಳು ಕಂಡದ್ದೇನು? ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಮೊದಲೇ ಹೆಚ್ಚು ಅನುಕೂಲಸ್ಥರು, ವೈದ್ಯರ ಹತ್ತಿರ ತಪ್ಪದೆ ಹೋಗುವವರು, ದೇಹದ ಕಾಳಜಿ ಜಾಸ್ತಿ ಇದ್ದವರು. ಆ ವ್ಯತ್ಯಾಸ ಮಾತ್ರೆಯ ಲೆಕ್ಕಕ್ಕೂ ಬಿದ್ದಿತ್ತು.

ಚೀಟಿ ಎತ್ತುವುದರ ಬಲ ಇಲ್ಲಿದೆ. ಹಾಗೆ ಹಂಚಿದಾಗ ಅನುಕೂಲಸ್ಥರು, ಬಡವರು, ಗಟ್ಟಿಮುಟ್ಟಾದವರು, ದುರ್ಬಲರು ಎಲ್ಲರೂ ಹೆಚ್ಚುಕಮ್ಮಿ ಸಮನಾಗಿ ಎರಡೂ ಕಡೆ ಸೇರುತ್ತಾರೆ. ಕೊನೆಗೆ ಕಾಣುವ ವ್ಯತ್ಯಾಸವನ್ನು ಔಷಧದ್ದೇ ಎಂದು ಹೆಚ್ಚು ಧೈರ್ಯದಿಂದ ಹೇಳಬಹುದು. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿದ ವರದಿ ಈ ದಾರಿಯ ಮೈಲಿಗಲ್ಲು. ಅದರಲ್ಲಿ ಇದ್ದದ್ದು 107 ರೋಗಿಗಳು.

ಹಾಗಂತ ಟ್ರಯಲ್ ಎಂಬ ಪದ ಕಂಡ ತಕ್ಷಣ ಕಣ್ಣು ಮುಚ್ಚಿ ನಂಬಬೇಕಿಲ್ಲ. ಅದರಲ್ಲಿ ಏನನ್ನು ಅಳೆದರು ಎಂದು ಕೇಳಬೇಕು. ಹೃದಯಾಘಾತ ಆದವರಿಗೆ ಆಮೇಲೆ ಹೃದಯದ ಬಡಿತ ಮಧ್ಯೆ ಮಧ್ಯೆ ತಪ್ಪುತ್ತಿದ್ದರೆ ಸಾವಿನ ಭಯ ಜಾಸ್ತಿ. ಆ ತಪ್ಪುಬಡಿತವನ್ನು ಅಡಗಿಸುವ ಔಷಧಗಳಿದ್ದವು. ಇಸಿಜಿ ನೋಡಿದರೆ ಬಡಿತ ಚೆಂದವಾಗಿ ಕಾಣುತ್ತಿತ್ತು. ಬಡಿತ ಸರಿಹೋದರೆ ಜೀವವೂ ಉಳಿಯುತ್ತದೆ ಎಂದು ಎಲ್ಲರೂ ಅಂದುಕೊಂಡರು. ಅಮೆರಿಕದಲ್ಲಿ ‘ಕಾಸ್ಟ್’ ಎಂಬ ಟ್ರಯಲ್ ನಡೆಸಿ ಸಾವನ್ನೇ ಎಣಿಸಿದಾಗ ಬೆಚ್ಚಿಬೀಳುವ ಹಾಗಾಯಿತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಆ ಔಷಧಗಳಲ್ಲಿ ಒಂದನ್ನು ಪಡೆದ 755 ಜನರಲ್ಲಿ 63 ಮಂದಿ ತೀರಿಕೊಂಡಿದ್ದರು. ಹುಸಿ ಮಾತ್ರೆ ಪಡೆದ 743 ಜನರಲ್ಲಿ ತೀರಿಕೊಂಡವರು 26. ಬಡಿತ ಸರಿಯಾಗಿತ್ತು, ಜನ ಸತ್ತಿದ್ದರು. ‘ಔಷಧ ಕೆಲಸ ಮಾಡಿತು’ ಎಂಬ ವಾಕ್ಯ ನಿಮ್ಮ ಡೆಸ್ಕಿಗೆ ಬಂದಾಗ ಯಾವುದರ ಮೇಲೆ ಕೆಲಸ ಮಾಡಿತು, ರಕ್ತದ ವರದಿಯ ಮೇಲೋ ಮನುಷ್ಯನ ಬದುಕಿನ ಮೇಲೋ ಎಂದು ದಯವಿಟ್ಟು ಕೇಳಿ.

ಒಂದೇ ಟ್ರಯಲ್‌ ಮೇಲೆ ಭಾರ ಹಾಕುವುದೂ ಅಪಾಯವೇ. ಕಾಕ್ರೇನ್ ಎಂಬ ಸಂಸ್ಥೆಯ ಹೆಸರು ನೀವು ಕೇಳಿರಬಹುದು. 1993ರಲ್ಲಿ ಶುರುವಾದದ್ದು. ಅವರ ಲಾಂಛನವನ್ನು ನಮ್ಮ ಓದುವ ಕೋಣೆಯ ಗೋಡೆಗೆ ಅಂಟಿಸಿದ್ದೇನೆ, ಹೊಸ ವಿದ್ಯಾರ್ಥಿಗಳಿಗೆ ಅದನ್ನೇ ಮೊದಲು ತೋರಿಸುತ್ತೇನೆ. ವೃತ್ತದ ನಡುವೆ ಒಂದು ನೆಟ್ಟಗಿನ ಗೆರೆ. ಅದರ ಆಚೀಚೆ 7 ಅಡ್ಡಗೆರೆಗಳು. ಕೆಳಗೊಂದು ಪುಟ್ಟ ವಜ್ರದಾಕಾರ. ಬರೀ ಅಲಂಕಾರ ಅಂದುಕೊಳ್ಳುತ್ತಾರೆ. ಅದು ನಿಜವಾದ ಲೆಕ್ಕ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಇರುವ ತಾಯಂದಿರಿಗೆ ಸ್ಟಿರಾಯ್ಡ್ ಕೊಟ್ಟರೆ ಮಗುವಿನ ಜೀವ ಉಳಿಯುತ್ತದೆಯೇ ಎಂದು ನೋಡಿದ 7 ಟ್ರಯಲ್‌ಗಳು. ಒಂದೊಂದು ಅಡ್ಡಗೆರೆಯೂ ಒಂದೊಂದು ಟ್ರಯಲ್. ಬಹಳಷ್ಟು ಗೆರೆಗಳು ನಡುಗೆರೆಯನ್ನು ದಾಟಿವೆ. ಅಂದರೆ ಆ ಟ್ರಯಲ್ ಒಂದನ್ನೇ ನೋಡಿದರೆ ಉಪಯೋಗ ಇದೆಯೋ ಇಲ್ಲವೋ ಖಚಿತವಾಗಿ ಹೇಳಲಾಗದು. ಏಳನ್ನೂ ಕೂಡಿಸಿದಾಗ ಬಂದ ಉತ್ತರ ಆ ವಜ್ರ. ಅದು ಗೆರೆಯ ಎಡಕ್ಕೆ, ಅಂದರೆ ಉಪಯೋಗವಿದೆ ಎನ್ನುವ ಕಡೆಗೆ, ಪೂರ್ತಿ ಸರಿದು ಕುಳಿತಿದೆ. ಸ್ಟಿರಾಯ್ಡ್ ಮಕ್ಕಳನ್ನು ಉಳಿಸುತ್ತದೆ.

ಮೊದಲ ಟ್ರಯಲ್ ಪ್ರಕಟವಾದದ್ದು 1972ರಲ್ಲಿ. ಎಲ್ಲವನ್ನೂ ಕ್ರಮವಾಗಿ ಕೂಡಿಸಿ ನೋಡಿದ್ದು 1980ರ ದಶಕದ ಕೊನೆಯ ಹೊತ್ತಿಗೆ. ಅಷ್ಟು ವರ್ಷ ಎಷ್ಟೋ ವೈದ್ಯರಿಗೆ ಇದು ಗಟ್ಟಿಯಾಗಿ ಗೊತ್ತೇ ಇರಲಿಲ್ಲ. ಆ ಚಿತ್ರ ತೋರಿಸುವಾಗ ಪ್ರತಿ ಸಲವೂ ನನಗೆ ಗಂಟಲು ಕಟ್ಟುತ್ತದೆ. ಉತ್ತರ ಕಪಾಟಿನಲ್ಲೇ ಇತ್ತು, ಬೇರೆ ಬೇರೆ ಸಂಪುಟಗಳಲ್ಲಿ ಚದುರಿಕೊಂಡು.

ಹೀಗೆ ಕೂಡಿಸಿ ನೋಡುವುದನ್ನು ಕ್ರಮಬದ್ಧ ವಿಮರ್ಶೆ ಎನ್ನುತ್ತೇವೆ. ಎಲ್ಲೆಲ್ಲಿ ಹುಡುಕಿದೆವು, ಯಾವುದನ್ನು ಸೇರಿಸಿದೆವು, ಯಾವುದನ್ನು ಯಾಕೆ ಬಿಟ್ಟೆವು ಎಂದು ಅದರಲ್ಲಿ ಬರೆದಿರುತ್ತಾರೆ. ‘ವಿಮರ್ಶೆ’ ಎಂಬ ಹೆಸರಿನಲ್ಲೇ ಇನ್ನೊಂದು ಬಗೆ ಇದೆ. ಪರಿಣತರೊಬ್ಬರು ತಮಗೆ ಸರಿ ಕಂಡ ಲೇಖನಗಳನ್ನು ಆಯ್ದು ಬರೆದದ್ದು. ಓದಲು ಚೆನ್ನಾಗಿರುತ್ತದೆ, ವಿಷಯದ ಪರಿಚಯ ಆಗುತ್ತದೆ. ಆದರೆ ಬಿಟ್ಟದ್ದೇನು ಎಂದು ನಮಗೆ ಗೊತ್ತಾಗುವುದಿಲ್ಲ.

ಪರಿಣತರ ಮಾತಿಗೆ, ಪಠ್ಯಪುಸ್ತಕಕ್ಕೆ ನಾವು ತಲೆಬಾಗುತ್ತೇವೆ. ಅದು ಸಹಜ. ಆದರೆ ಹಸುಗೂಸನ್ನು ಬೋರಲು ಮಲಗಿಸಿ ಎಂದು ದಶಕಗಳ ಕಾಲ ಹೇಳಿದವರೂ ಪರಿಣತರೇ. ಇರುವ ಅಧ್ಯಯನಗಳನ್ನು ಕ್ರಮವಾಗಿ ಕೂಡಿಸಿದ್ದರೆ ಬೋರಲು ಮಲಗಿಸುವುದು ಅಪಾಯ ಎಂದು 1970ರ ಹೊತ್ತಿಗೇ ಗೊತ್ತಾಗುತ್ತಿತ್ತು ಎಂದು 2005ರ ಒಂದು ವಿಮರ್ಶೆ ತೋರಿಸಿತು. ಅಂಗಾತ ಮಲಗಿಸಿ ಎಂಬ ದೊಡ್ಡ ಪ್ರಚಾರ ಶುರುವಾದದ್ದು 1990ರ ದಶಕದಲ್ಲಿ. ಬ್ರಿಟನ್ನಿನಲ್ಲೇ 10,000ಕ್ಕೂ ಹೆಚ್ಚು ಕೂಸುಗಳ ಸಾವನ್ನು ತಪ್ಪಿಸಬಹುದಿತ್ತು ಎಂಬುದು ಅದೇ ವಿಮರ್ಶೆಯ ಅಂದಾಜು. ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಒಳಗಿನ ಮಾತು ಹಳತಾಗಿರಬಹುದು. ಯಾವ ವರ್ಷದ ಆವೃತ್ತಿ ಎಂದು ನೋಡುವುದು ಸಣ್ಣ ಕೆಲಸ, ಆದರೂ ನೋಡುವವರು ಕಮ್ಮಿ.

ಈಗ ಎಲ್ಲಿ ಪ್ರಕಟವಾಯಿತು ಎಂಬ ವಿಚಾರ. ‘ಪಬ್‌ಮೆಡ್‌ನಲ್ಲಿದೆ ಮೇಡಂ, ಅಂದಮೇಲೆ ಸರಿ ಇರಲೇಬೇಕು’ ಎಂದು ವರದಿಗಾರರೂ ಹೇಳುತ್ತಾರೆ, ವೈದ್ಯರೂ ಹೇಳುತ್ತಾರೆ. ಪಬ್‌ಮೆಡ್ ಒಂದು ಕ್ಯಾಟಲಾಗ್. 3 ಕೋಟಿಗಿಂತ ಜಾಸ್ತಿ ಬರಹಗಳ ಪಟ್ಟಿ ಅದು. ಹಿಂತೆಗೆದುಕೊಂಡ ಲೇಖನವೂ ಅದರಲ್ಲಿದೆ, ‘ಹಿಂತೆಗೆದುಕೊಳ್ಳಲಾಗಿದೆ’ ಎಂಬ ಗುರುತಿನೊಂದಿಗೆ. ನಮ್ಮ ಗ್ರಂಥಾಲಯದ ಪಟ್ಟಿಯಲ್ಲಿ ಪುಸ್ತಕ ಇದೆ ಎಂದ ಮಾತ್ರಕ್ಕೆ ಅದರಲ್ಲಿರುವುದೆಲ್ಲ ನಿಜ ಎಂದು ನಾನು ರುಜು ಹಾಕಿದ ಹಾಗಲ್ಲ.

ಜರ್ನಲ್ ಎಂಬ ಹೆಸರೂ ಈಗ ಸಾಲದು. ದುಡ್ಡು ಕೊಟ್ಟರೆ ಏನನ್ನಾದರೂ ಪ್ರಕಟಿಸುವ ಜರ್ನಲ್‌ಗಳಿವೆ. 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ‘ಸೈನ್ಸ್’ ಪತ್ರಿಕೆಗಾಗಿ ಒಂದು ಪರೀಕ್ಷೆ ನಡೆಸಿದರು. ಕ್ಯಾನ್ಸರಿಗೆ ಔಷಧ ಸಿಕ್ಕಿತು ಎಂಬ ಸುಳ್ಳು ಲೇಖನ ಬರೆದರು. ಓದಿದ ಯಾರಿಗಾದರೂ ಕಾಣುವಂಥ ತಪ್ಪುಗಳನ್ನು ಬೇಕೆಂದೇ ತುಂಬಿದರು. 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಎರಡು ವರ್ಷದ ನಂತರ ಅವರೇ ಇನ್ನೊಂದು ಕೆಲಸ ಮಾಡಿದರು. ಅದು ನೇರವಾಗಿ ನಿಮ್ಮ ಮನೆ ಬಾಗಿಲಿಗೇ ಬಂದದ್ದು. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಅಧ್ಯಯನ. ಟ್ರಯಲ್ ನಿಜವಾಗಿಯೂ ನಡೆದಿತ್ತು, ಆದರೆ ಜನ ಬರೀ 15. ಅವರಲ್ಲಿ 18 ಬಗೆಯ ಅಳತೆ ತೆಗೆದರು. ಅಷ್ಟು ಕಮ್ಮಿ ಜನರಲ್ಲಿ ಅಷ್ಟು ಅಳತೆ ತೆಗೆದರೆ ಯಾವುದೋ ಒಂದರಲ್ಲಿ ಆಕಸ್ಮಿಕವಾಗಿ ವ್ಯತ್ಯಾಸ ಕಾಣುವ ಸಂಭವವೇ ಜಾಸ್ತಿ. ಕಂಡಿತು. ಹಲವು ದೇಶಗಳ ಪತ್ರಿಕೆಗಳು, ಟಿವಿಗಳು ಅದನ್ನು ಹಾಕಿದವು. ಎಷ್ಟು ಜನರ ಮೇಲೆ ಎಂದು ಕೇಳಿದ್ದರೆ ಆ ಸುದ್ದಿ ಅಲ್ಲೇ ಬಿದ್ದುಹೋಗುತ್ತಿತ್ತು.

ಹೆಸರಾಂತ ಜರ್ನಲ್‌ಗಳೂ ಎಡವುತ್ತವೆ. 2020ರ ಮೇ 22ರಂದು ‘ಲ್ಯಾನ್ಸೆಟ್’ನಲ್ಲಿ ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಸಾವು ಜಾಸ್ತಿ ಎಂಬ ಲೇಖನ ಬಂತು. 671 ಆಸ್ಪತ್ರೆಗಳ 96,032 ರೋಗಿಗಳ ಲೆಕ್ಕ ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನೋಡಿ ತನ್ನ ಟ್ರಯಲ್‌ನ ಆ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೆ ಆ ದತ್ತಾಂಶ ಒದಗಿಸಿದ ಕಂಪನಿ ಅದನ್ನು ಹೊರಗಿನ ತಪಾಸಣೆಗೆ ಕೊಡಲಿಲ್ಲ. ಜೂನ್ 4ಕ್ಕೆ ಲೇಖನವನ್ನು ಹಿಂತೆಗೆದುಕೊಂಡರು, ಎರಡು ವಾರದೊಳಗೆ. ಆ ಔಷಧದಿಂದ ಕೋವಿಡ್‌ ರೋಗಿಗಳಿಗೆ ಪ್ರಯೋಜನವಿಲ್ಲ ಎಂಬುದು ಆಮೇಲೆ ಸರಿಯಾದ ಟ್ರಯಲ್‌ಗಳಿಂದ ಗೊತ್ತಾಯಿತು. ಪರಿಣತರ ತಪಾಸಣೆ, ಅಂದರೆ ಪಿಯರ್ ರಿವ್ಯೂ, ಒಂದು ಜರಡಿ. ತಪಾಸಣೆ ಮಾಡುವವರು ಬರೆದದ್ದನ್ನು ಓದುತ್ತಾರೆ, ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಎಣಿಸುವುದಿಲ್ಲ. ಪ್ರಿಪ್ರಿಂಟ್‌ಗಳಿಗೆ, ಅಂದರೆ ತಪಾಸಣೆಗೆ ಮೊದಲೇ ಇಂಟರ್ನೆಟ್ಟಿನಲ್ಲಿ ಹಾಕುವ ಲೇಖನಗಳಿಗೆ, ಆ ಜರಡಿಯೂ ಇಲ್ಲ. 2019ರಲ್ಲಿ ಶುರುವಾದ ‘ಮೆಡ್‌ಆರ್‌ಕೈವ್’ ಎಂಬ ಪ್ರಿಪ್ರಿಂಟ್ ತಾಣವೇ, ಇಲ್ಲಿರುವುದನ್ನು ಖಚಿತ ಮಾಹಿತಿ ಎಂಬಂತೆ ಸುದ್ದಿಯಲ್ಲಿ ವರದಿ ಮಾಡಬಾರದು ಎಂದು ಎಚ್ಚರಿಕೆ ಹಾಕುತ್ತದೆ. ಆ ಎಚ್ಚರಿಕೆ ಬರೆದದ್ದು ನಿಮಗಾಗಿಯೇ.

ನಿಮ್ಮ ಕೆಲಸದ ಒತ್ತಡ ನನಗೆ ಅರ್ಥವಾಗುತ್ತದೆ. ಸಂಜೆಯೊಳಗೆ ಪುಟ ಹೋಗಬೇಕು. ಕೈಗೆ ಬರುವುದು ಪ್ರೆಸ್ ನೋಟ್. ಆದರೆ ಪ್ರೆಸ್ ನೋಟ್ ಎಂದರೆ ಆ ಸಂಸ್ಥೆ ತನ್ನ ಕೆಲಸದ ಬಗ್ಗೆ ತಾನೇ ಬರೆದುಕೊಂಡದ್ದು. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪ್ರೆಸ್ ನೋಟ್‌ಗಳನ್ನು ಮೂಲ ಲೇಖನಗಳ ಜೊತೆ ಇಟ್ಟು ನೋಡಿದ ಅಧ್ಯಯನ 2014ರಲ್ಲಿ ‘ಬಿಎಂಜೆ’ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. ಪ್ರಾಣಿಗಳ ಮೇಲಿನ ಪ್ರಯೋಗದ ಪ್ರೆಸ್ ನೋಟ್‌ಗಳಲ್ಲಿ ಶೇ 36 ಅದನ್ನು ಮನುಷ್ಯರಿಗೆ ಹಿಗ್ಗಿಸಿ ಹೇಳಿದ್ದವು. ಪ್ರೆಸ್ ನೋಟ್ ಹಾಗೆ ಹಿಗ್ಗಿಸಿದ್ದಾಗ ಸುದ್ದಿಗಳಲ್ಲಿ ಶೇ 86ರಷ್ಟು ಅದೇ ದಾರಿ ಹಿಡಿದವು. ಹಿಗ್ಗಿಸದೆ ಇದ್ದಾಗ ಶೇ 10 ಮಾತ್ರ. ತಪ್ಪಿನ ಬೇರು ಬಹಳ ಸಲ ನಮ್ಮ ಕಡೆಯೇ, ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯಗಳ ಕಡೆಯೇ ಇದೆ. ಅದನ್ನು ನಾನು ಒಪ್ಪುತ್ತೇನೆ. ಅದಕ್ಕೇ ಮೂಲ ಲೇಖನವನ್ನು ತೆರೆಯಿರಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು.

ತೆರೆದ ಮೇಲೆ ಏನು ನೋಡಬೇಕು? ನಾನು ಮಾಡುವುದನ್ನು ಹೇಳುತ್ತೇನೆ. ಮೊದಲು ಕೊನೆಯ ಪುಟಕ್ಕೆ ಹೋಗುತ್ತೇನೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಹಣ ಕೊಟ್ಟವರ ಹೆಸರು, ಬರೆದವರಿಗೆ ಯಾವ ಕಂಪನಿಯ ಜೊತೆ ವ್ಯವಹಾರವಿದೆ ಎಂಬುದು ಇರುತ್ತದೆ. ಕಂಪನಿ ದುಡ್ಡು ಕೊಟ್ಟಿದ್ದರೆ ಲೇಖನ ಸುಳ್ಳು ಎಂದಲ್ಲ, ಇನ್ನೂ ನಿಧಾನವಾಗಿ ಓದುತ್ತೇನೆ. ಆಮೇಲೆ ವಿಧಾನದ ಭಾಗ. ಯಾರ ಮೇಲೆ, ಎಷ್ಟು ಜನ, ಎಷ್ಟು ದಿನ, ಯಾವುದರ ಜೊತೆ ಹೋಲಿಸಿದರು. ಟ್ರಯಲ್ ಆದರೆ ನೋಂದಣಿ ಸಂಖ್ಯೆ ಹುಡುಕುತ್ತೇನೆ. ಇದನ್ನು ಅಳೆಯುತ್ತೇವೆ ಎಂದು ಶುರುವಿನಲ್ಲಿ ಬರೆದುಕೊಟ್ಟದ್ದನ್ನೇ ಕೊನೆಗೆ ಹೇಳಿದ್ದಾರೆಯೇ, ಅಥವಾ ಮಧ್ಯದಲ್ಲಿ ಬೇರೆ ಅಳತೆ ಹಿಡಿದರೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಲೇಖಕರ ತೀರ್ಮಾನವನ್ನು ಓದುವುದು ಕಡೆಗೆ.

ಅಚ್ಚಾಗದೆ ಉಳಿದದ್ದನ್ನು ಮಾತ್ರ ಹೀಗೆ ಓದಿ ತಿಳಿಯಲಾಗದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿದ ಖಿನ್ನತೆಯ ಔಷಧಗಳ 74 ಅಧ್ಯಯನಗಳ ಜಾಡು ಹಿಡಿದ ಲೇಖನವೊಂದು 2008ರಲ್ಲಿ ಬಂತು. ಔಷಧಕ್ಕೆ ಅನುಕೂಲವಾದ ಫಲಿತಾಂಶ ಬಂದ 38ರಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಪ್ರಕಟವೇ ಆಗಿರಲಿಲ್ಲ, 11 ಅನುಕೂಲವೇ ಬಂತು ಎನ್ನುವ ಹಾಗೆ ಪ್ರಕಟವಾಗಿದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು 3. ಜರ್ನಲ್‌ ಮಾತ್ರ ಓದಿದ ವೈದ್ಯನಿಗೆ ಹೆಚ್ಚುಕಮ್ಮಿ ಎಲ್ಲ ಅಧ್ಯಯನವೂ ಗೆದ್ದ ಹಾಗೆ ಕಂಡಿತ್ತು.

ಇನ್ನೊಂದೇ ಮಾತು, ಅಂಕಿಯ ಬಗ್ಗೆ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು. ಎರಡು ಪಟ್ಟು, ಅಂದರೆ ಶೇ 100 ಹೆಚ್ಚಳ. ಸುದ್ದಿ ಹಬ್ಬಿತು. ಗಾಬರಿಯಾದ ಹೆಂಗಸರು ಮಾತ್ರೆ ಬಿಟ್ಟರು. ನಿಜವಾದ ಲೆಕ್ಕ ಏನು? 7,000 ಹೆಂಗಸರಲ್ಲಿ ಸುಮಾರು 1 ಇದ್ದದ್ದು 2 ಆಗಿತ್ತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತ ಹೆಚ್ಚಾಯಿತು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯಿಂದ ಬರುವುದಕ್ಕಿಂತ ಜಾಸ್ತಿ. ಎರಡೂ ಅಂಕಿ ಸುಳ್ಳಲ್ಲ. ‘ಶೇ 100’ ಎಂದರೆ ಓದುಗರು ಮಾತ್ರೆ ಎಸೆಯುತ್ತಾರೆ, ‘7,000ಕ್ಕೆ 1 ಇದ್ದದ್ದು 2’ ಎಂದರೆ ಕುಳಿತು ಯೋಚಿಸುತ್ತಾರೆ. ಎಷ್ಟು ಪಟ್ಟು ಎಂದು ಬರೆಯುವಾಗ ಎಷ್ಟರಿಂದ ಎಷ್ಟಕ್ಕೆ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ನೀವು ಕೇಳಬಹುದು. ವೈದ್ಯಕೀಯ ಕಾಲೇಜು ಇರುವ ಕಡೆಯೆಲ್ಲ ನನ್ನಂಥ ಒಬ್ಬರು ಗ್ರಂಥಾಲಯದಲ್ಲಿ ಕುಳಿತಿರುತ್ತಾರೆ. ಲೇಖನದ ಹೆಸರು ಹೇಳಿದರೆ ಸಾಕು, ಪೂರ್ತಿ ಲೇಖನ ತೆಗೆದುಕೊಡುತ್ತೇವೆ. ಟ್ರಯಲ್ಲೋ ಸಮೀಕ್ಷೆಯೋ ಪತ್ರವೋ, ಹಿಂತೆಗೆದುಕೊಂಡದ್ದೋ ಎಂದು ನೋಡಿ ಹೇಳುತ್ತೇವೆ. ಬಹಳ ಸಲ ಹತ್ತು ನಿಮಿಷದ ಕೆಲಸ. ಇಷ್ಟು ವರ್ಷಗಳಲ್ಲಿ ಸುದ್ದಿಮನೆಯಿಂದ ಹಾಗೆ ಕೇಳಿಕೊಂಡು ನನಗೆ ಬಂದ ಕರೆಗಳನ್ನು ಬೆರಳಲ್ಲಿ ಎಣಿಸಬಹುದು. ದಯವಿಟ್ಟು ಕರೆ ಮಾಡಿ.

ಆ ಹಿರಿಯರು ಈಗ ಮಾತ್ರೆ ತಪ್ಪಿಸುವುದಿಲ್ಲ. ಆಸ್ಪತ್ರೆಗೆ ಬಂದಾಗಲೆಲ್ಲ ನಮ್ಮಲ್ಲಿಗೂ ಬಂದು ಹೋಗುತ್ತಾರೆ. ಹೋದ ವಾರ ಮತ್ತೊಂದು ತುಣುಕು ತಂದಿದ್ದರು, ಮಂಡಿನೋವಿಗೆ ಹೊಸ ಔಷಧದ ಸುದ್ದಿ. ಮೇಜಿನ ಮೇಲೆ ಬಿಡಿಸಿಟ್ಟು ಕೇಳಿದರು: ‘ಇದು ಇಲಿಗಳದ್ದಾ, ಮನುಷ್ಯರದ್ದಾ ಅಮ್ಮ?’ ಸುದ್ದಿಯನ್ನು ಎರಡು ಸಲ ಓದಿದೆ. ಎಲ್ಲೂ ಬರೆದಿರಲಿಲ್ಲ. ಕೂತಿರಿ, ಹುಡುಕಿ ಹೇಳುತ್ತೇನೆ ಎಂದು ಕುರ್ಚಿ ಎಳೆದುಕೊಟ್ಟೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಒಬ್ಬ ವೈದ್ಯಕೀಯ ಗ್ರಂಥಪಾಲಕಿ